ಹ್ಯಾಮ್‌ಸ್ಟರ್ ವೈರಸ್ ಪರೀಕ್ಷೆ: ರಕ್ತದ ಕಾರ್ಡು ತಗೊಳ್ಳಬೇಕೆ, ಪಿಸಿಆರ್ ಕಿಟ್ಟು ತಗೊಳ್ಳಬೇಕೆ?

ಹ್ಯಾಮ್‌ಸ್ಟರ್‌ಗಳಲ್ಲಿ ವೈರಸ್ ಸೋಂಕು ಇದೆಯೇ ಎಂದು ನೋಡಲು ಪ್ರಾಣಿರೋಗ ಲ್ಯಾಬ್‌ಗಳು ಎರಡು ಬಗೆಯ ಸೇವೆ ಕೊಡುತ್ತವೆ. ಒಂದು ಕಾಗದದ ಕಾರ್ಡು: ಅದರ ಮೇಲೆ ಒಂದು ಹನಿ ರಕ್ತ ಒಣಗಿಸಿ ಕಳಿಸಿದರೆ ಐದಾರು ವೈರಸ್‌ಗಳ ವಿರುದ್ಧ ಪ್ರತಿಕಾಯ ಇದೆಯೇ ಎಂದು ಒಟ್ಟಿಗೇ ನೋಡುತ್ತಾರೆ. ಇನ್ನೊಂದು ಪಿಸಿಆರ್ ಕಿಟ್ಟು: ಬಾಯಿಯ ಸ್ವ್ಯಾಬ್, ಹಿಕ್ಕೆ, ಮೂತ್ರ ಅಥವಾ ಅಂಗಾಂಶದಲ್ಲಿ ವೈರಸ್ಸನ್ನೇ ಹುಡುಕುತ್ತಾರೆ. ಎರಡಕ್ಕೂ ‘ಸಂಪೂರ್ಣ ಹ್ಯಾಮ್‌ಸ್ಟರ್ ವೈರಸ್ ಪ್ಯಾನಲ್’ ಎಂಬ ಹೆಸರೇ ಇರುವುದರಿಂದ ಕೊಳ್ಳುವವರು ಯಾವುದಾದರೂ ಒಂದು ಸಾಕು ಅಂದುಕೊಳ್ಳುತ್ತಾರೆ. ಸಾಲುವುದಿಲ್ಲ. ಒಂದು ಕಾಣದಿರುವುದನ್ನು ಇನ್ನೊಂದು ಕಾಣುತ್ತದೆ, ಮತ್ತು ಯಾವುದು ಎಲ್ಲಿ ಕುರುಡು ಎಂಬುದು ವೈರಸ್ಸಿನಿಂದ ವೈರಸ್ಸಿಗೆ ಬದಲಾಗುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹತ್ತಾರು ಪ್ರಾಣಿಗಳಿರುವ ಪ್ರಯೋಗಾಲಯಕ್ಕೆ ಅಥವಾ ತಳಿಗಾರರಿಗೆ ರಕ್ತದ ಕಾರ್ಡೇ ಬೆನ್ನೆಲುಬು. ಜೊತೆಗೆ ಆಯ್ದ ಎರಡು ಮೂರು ವೈರಸ್‌ಗಳಿಗೆ ಮಾತ್ರ ಪಿಸಿಆರ್ ಸೇರಿಸಿಕೊಂಡರೆ ಸಾಕು. ಮನೆಯಲ್ಲಿ ಒಂದೇ ಒಂದು ಹ್ಯಾಮ್‌ಸ್ಟರ್ ಸಾಕಿರುವವರಿಗೆ ಕಾರ್ಡಿನಿಂದ ಸಿಗುವ ಉತ್ತರ ಬಹಳ ಕಮ್ಮಿ. ಅವರಿಗೆ ಬೇಕಾದದ್ದು, ಬೇಕಾದರೆ, ಒಂದೇ ವೈರಸ್ಸಿಗೆ ಮೂತ್ರದ ಪಿಸಿಆರ್. ಪೂರ್ತಿ ಪ್ಯಾನಲ್ ದಂಡ.

ಪ್ಯಾನಲ್‌ನಲ್ಲಿ ಏನಿರುತ್ತದೆ, ಏನಿರಬೇಕು

ಹ್ಯಾಮ್‌ಸ್ಟರ್ ಪ್ಯಾನಲ್ ಎಂದು ಮಾರುವ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣುವ ಐದು ಹೆಸರು ಇವು: ಲಿಂಫೋಸೈಟಿಕ್ ಕೋರಿಯೋಮೆನಿಂಜೈಟಿಸ್ ವೈರಸ್, ಅಂದರೆ ಎಲ್‌ಸಿಎಂವಿ, ಸೆಂಡಾಯ್ ವೈರಸ್, ಇಲಿಗಳ ನ್ಯುಮೋನಿಯಾ ವೈರಸ್, ಅಂದರೆ ಪಿವಿಎಂ, ರಿಯೋವೈರಸ್-3, ಮತ್ತು ಸಿಮಿಯನ್ ವೈರಸ್-5 ಎಂದು ಕರೆಯುತ್ತಿದ್ದ ಪ್ಯಾರಾಇನ್‌ಫ್ಲುಯೆಂಜಾ-5. ಇದೇ ಐದನ್ನು ಔಷಧ ತಯಾರಿಕೆಯವರೂ ಚೆನ್ನಾಗಿ ಬಲ್ಲರು. ಚೀನೀ ಹ್ಯಾಮ್‌ಸ್ಟರ್ ಅಂಡಾಶಯದ ಕೋಶಗಳಲ್ಲಿ ತಯಾರಾಗುವ ಔಷಧಗಳ ವೈರಸ್ ಸುರಕ್ಷತೆಗೆ ಐಸಿಎಚ್ ಕ್ಯೂ5ಎ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವ ಹ್ಯಾಮ್‌ಸ್ಟರ್ ಪ್ರತಿಕಾಯ ಪರೀಕ್ಷೆಯಲ್ಲಿರುವುದು ಇವೇ. ಪ್ರಯೋಗಾಲಯ ಪ್ರಾಣಿಗಳ ಯುರೋಪಿನ ಸಂಘಟನೆಗಳ ಒಕ್ಕೂಟವಾದ ಫೆಲಾಸಾ 2014ರಲ್ಲಿ ಪ್ರಕಟಿಸಿದ ಶಿಫಾರಸಿನಲ್ಲಿ ಹ್ಯಾಮ್‌ಸ್ಟರ್‌ಗಳಿಗೆ ಎಲ್‌ಸಿಎಂವಿ ಮತ್ತು ಸೆಂಡಾಯ್ ಎರಡೂ ಇವೆ.

ಈ ಐದರಲ್ಲಿ ರಿಯೋವೈರಸ್-3, ಪಿವಿಎಂ, ಪ್ಯಾರಾಇನ್‌ಫ್ಲುಯೆಂಜಾ-5 ಹ್ಯಾಮ್‌ಸ್ಟರ್‌ಗಳಲ್ಲಿ ಸಾಮಾನ್ಯವಾಗಿ ಕಾಯಿಲೆಯ ಲಕ್ಷಣವನ್ನೇ ತೋರಿಸುವುದಿಲ್ಲ. ಪ್ರತಿಕಾಯ ಸಿಕ್ಕಿತು ಅಂದರೆ ಅಷ್ಟೇ. ಶ್ವಾಸಕೋಶದ ಮೇಲೆ ಪ್ರಯೋಗ ನಡೆಸುವವರಿಗೆ ಪಿವಿಎಂ ಮುಖ್ಯ, ಉಳಿದವರಿಗೆ ಅಲ್ಲ. ಸೆಂಡಾಯ್ ದೊಡ್ಡ ಪ್ರಾಣಿಗಳಲ್ಲಿ ಸದ್ದಿಲ್ಲದೆ ಹಾದುಹೋಗಿ ಹಾಲು ಕುಡಿಯುವ ಮರಿಗಳಲ್ಲಿ ನ್ಯುಮೋನಿಯಾ ತರಬಲ್ಲದು. ನಿಜವಾಗಿ ಹ್ಯಾಮ್‌ಸ್ಟರ್ ಗುಂಪನ್ನೇ ಹಾಳುಮಾಡಬಲ್ಲ ಎರಡು ವೈರಸ್‌ಗಳು, ಹ್ಯಾಮ್‌ಸ್ಟರ್ ಪಾಲಿಯೋಮಾ ಮತ್ತು ಹ್ಯಾಮ್‌ಸ್ಟರ್ ಪಾರ್ವೊ, ಮೂಲ ಪ್ಯಾನಲ್‌ನಲ್ಲಿ ಇಲ್ಲದೆ ‘ಹೆಚ್ಚುವರಿ’ ಪಟ್ಟಿಯಲ್ಲಿ ಕೂತಿರುವುದು ಈ ಸೇವೆಗಳ ದೊಡ್ಡ ಕೊರತೆ. ಕೇಳಿ ಸೇರಿಸಿಕೊಳ್ಳಬೇಕು. ಸೇರಿಸುವಾಗ ಫಾರಂನಲ್ಲಿ ಪೂರ್ತಿ ಹೆಸರು ಬರೆಯಿರಿ: ಎಚ್‌ಎಪಿವಿ ಎಂಬ ಸಂಕ್ಷೇಪ ಈ ಎರಡಕ್ಕೂ ಬಳಕೆಯಲ್ಲಿದೆ, ತಪ್ಪು ಪರೀಕ್ಷೆ ನಡೆದು ‘ನೆಗೆಟಿವ್’ ಎಂದು ರಿಪೋರ್ಟ್ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ಆರ್ಡರ್ ಮಾಡುವ ಮೊದಲೇ ಕೇಳಬೇಕು. ಪ್ರತಿಕಾಯ ಪರೀಕ್ಷೆಯಲ್ಲಿ ಪ್ರಾಣಿಯ ಪ್ರತಿಕಾಯಕ್ಕೆ ಅಂಟಿ ಬೆಳಕು ಕೊಡುವ ಎರಡನೇ ರಾಸಾಯನಿಕ ಒಂದಿರುತ್ತದೆ. ಅದು ಇಲಿಯ ಪ್ರತಿಕಾಯಕ್ಕೆಂದು ತಯಾರಾದದ್ದಾದರೆ ಹ್ಯಾಮ್‌ಸ್ಟರ್ ರಕ್ತದಲ್ಲಿ ಸಂಕೇತ ದುರ್ಬಲವಾಗುತ್ತದೆ, ಗಡಿರೇಖೆಯ ಪಾಸಿಟಿವ್‌ಗಳೆಲ್ಲ ನೆಗೆಟಿವ್ ಆಗಿಬಿಡುತ್ತವೆ. ಸಿರಿಯನ್ ಹ್ಯಾಮ್‌ಸ್ಟರ್‌ಗೆ ಹೊಂದಿಸಿದ ಪರೀಕ್ಷೆ ಡ್ವಾರ್ಫ್ ಎಂಬ ಚಿಕ್ಕ ಗಾತ್ರದ ಜಾತಿಗಳಿಗೆ ಹಾಗೆಯೇ ಒಪ್ಪುತ್ತದೆ ಎಂದೂ ಹೇಳಲಾಗದು. ಅವು ಬೇರೆಯೇ ಕುಲದ ಪ್ರಾಣಿಗಳು, ಚೀನೀ ಹ್ಯಾಮ್‌ಸ್ಟರ್ ಇನ್ನೊಂದು ಕುಲ. ‘ನಿಮ್ಮ ಪರೀಕ್ಷೆಯನ್ನು ಯಾವ ಜಾತಿಯ ಪಾಸಿಟಿವ್ ಮತ್ತು ನೆಗೆಟಿವ್ ರಕ್ತದ ಮೇಲೆ ಪರಿಶೀಲಿಸಿದ್ದೀರಿ?’ ಎಂದು ಕೇಳಿ. ಜಾತಿ ಹೆಸರಿಸಿ ನೇರ ಉತ್ತರ ಕೊಡುವ ಲ್ಯಾಬ್ ಒಳ್ಳೆಯ ಲ್ಯಾಬ್. ‘ದಂಶಕಗಳಿಗೆಲ್ಲ ಆಗುತ್ತದೆ’ ಎನ್ನುವ ಉತ್ತರ ಬಂದರೆ ಬೇರೆ ಕಡೆ ನೋಡಿ.

ಎಲ್‌ಸಿಎಂವಿ: ಪ್ಯಾನಲ್ ಎಡವುವುದು ಇಲ್ಲೇ

ಜನ ಹ್ಯಾಮ್‌ಸ್ಟರ್ ಪರೀಕ್ಷೆಗೆ ಹಣ ಹಾಕುವುದಕ್ಕೆ ದೊಡ್ಡ ಕಾರಣ ಎಲ್‌ಸಿಎಂವಿ, ಏಕೆಂದರೆ ಅದು ಮನುಷ್ಯರಿಗೂ ಹರಡುತ್ತದೆ. ಮೂಲ ಆಶ್ರಯ ಮನೆಯಿಲಿ. ಹ್ಯಾಮ್‌ಸ್ಟರ್‌ಗೆ ಬರುವುದು ಇಲಿಗಳ ಸಂಪರ್ಕದಿಂದ ಅಥವಾ ಸೋಂಕಿತ ತಳಿಗಾರರ ಗುಂಪಿನಿಂದ. ಅಮೆರಿಕದಲ್ಲಿ 1973–74ರಲ್ಲಿ ಸಾಕು ಹ್ಯಾಮ್‌ಸ್ಟರ್‌ಗಳಿಂದ 12 ರಾಜ್ಯಗಳಲ್ಲಿ 181 ಮಂದಿಗೆ ಸೋಂಕು ತಗುಲಿತ್ತು. ಮೂಲ ಒಬ್ಬರೇ ತಳಿಗಾರರು. 2005ರಲ್ಲಿ ಅಲ್ಲಿಯೇ ಒಬ್ಬ ಅಂಗದಾನಿಯಿಂದ ನಾಲ್ವರಿಗೆ ಅಂಗ ಕಸಿ ಮಾಡಲಾಯಿತು, ನಾಲ್ವರಿಗೂ ಎಲ್‌ಸಿಎಂವಿ ಬಂತು, ಮೂವರು ತೀರಿಕೊಂಡರು. ದಾನಿಯ ಮನೆಗೆ ಸ್ವಲ್ಪ ಮುಂಚೆ ತಂದಿದ್ದ ಹ್ಯಾಮ್‌ಸ್ಟರ್‌ನಲ್ಲಿ ವೈರಸ್ ಸಿಕ್ಕಿತು. ಆದರೆ ದಾನಿಯ ಉಳಿಸಿಟ್ಟ ಮಾದರಿಗಳಲ್ಲಿ ಯಾವ ಪರೀಕ್ಷೆಗೂ ಏನೂ ಸಿಗಲಿಲ್ಲ. ಈ ವೈರಸ್ಸಿನ ವಿಚಾರದಲ್ಲಿ ಒಂದು ನೆಗೆಟಿವ್ ರಿಪೋರ್ಟಿನ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ಬೇಡ. ಬಸುರಿಯರಿಗೆ ಸೋಂಕಾದರೆ ಮಗುವಿನ ಮೆದುಳಿಗೂ ಕಣ್ಣಿಗೂ ಹಾನಿ ಆಗಬಹುದು. ಆದ್ದರಿಂದ ಗರ್ಭಿಣಿ ಇರುವ ಮನೆಯಲ್ಲಿ ಪರೀಕ್ಷೆಯ ಫಲಿತಾಂಶ ಏನೇ ಇರಲಿ, ಪಂಜರ ಶುಚಿ ಮಾಡುವ ಕೆಲಸ ಬೇರೆಯವರದ್ದಾಗಬೇಕು, ಪ್ರಾಣಿ ಬೇರೆ ಕೋಣೆಯಲ್ಲಿರಬೇಕು.

ಕಾರ್ಡು ಇಲ್ಲಿ ಎಡವುವುದು ಏಕೆ? ದೊಡ್ಡ ಹ್ಯಾಮ್‌ಸ್ಟರ್‌ಗೆ ಸೋಂಕಾದರೆ ದೇಹ ಪ್ರತಿಕಾಯ ಮಾಡಿ ಸಾಮಾನ್ಯವಾಗಿ ವೈರಸ್ಸನ್ನು ಹೊರಹಾಕುತ್ತದೆ. ಹೊಟ್ಟೆಯಲ್ಲಿದ್ದಾಗ ಅಥವಾ ಹುಟ್ಟಿದ ಹೊಸತರಲ್ಲಿ ಸೋಂಕಾದ ಮರಿಗಳಲ್ಲಿ ಹಲವು ಹಾಗಲ್ಲ: ತಿಂಗಳುಗಟ್ಟಲೆ ಮೂತ್ರದಲ್ಲಿ, ಜೊಲ್ಲಿನಲ್ಲಿ ವೈರಸ್ ಹೊರಬಿಡುತ್ತಲೇ ಇರುತ್ತವೆ. ಅವುಗಳಲ್ಲಿ ಹುಟ್ಟುವ ಪ್ರತಿಕಾಯ ವೈರಸ್ಸಿಗೇ ಅಂಟಿಕೊಂಡು ಮೂತ್ರಪಿಂಡದಲ್ಲಿ ಕೂತುಬಿಡುವುದರಿಂದ ರಕ್ತದಲ್ಲಿ ಬಿಡಿಯಾಗಿ ಸಿಗುವುದು ಕಮ್ಮಿ. ಕೊನೆಗೆ ಪ್ರಾಣಿ ಸೊರಗುವುದು, ಮೂತ್ರಪಿಂಡ ಕೆಡುವುದು ಇದರಿಂದಲೇ. ಅಂದರೆ ಅತಿ ಅಪಾಯಕಾರಿ ಪ್ರಾಣಿಯೇ ಪ್ರತಿಕಾಯ ಪರೀಕ್ಷೆಯಲ್ಲಿ ಶುದ್ಧವಾಗಿ ಕಾಣಬಹುದು, ಸೋಂಕು ಮುಗಿಸಿ ನಿರಪಾಯಿಯಾದ ಪ್ರಾಣಿ ಪಾಸಿಟಿವ್ ಆಗಬಹುದು. ಅಂಗಡಿಯಲ್ಲಿ ಮಾರುವುದು ಎಳೆಯ ಪ್ರಾಣಿಗಳನ್ನೇ ಆದ್ದರಿಂದ ಸಾಕುಪ್ರಾಣಿಗೆ ಕಾರ್ಡು ತಿರುಗುಮುರುಗು ಉತ್ತರ ಕೊಡುವ ಸಾಧ್ಯತೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಗುಂಪಿನ ಮಟ್ಟದಲ್ಲಿ ಅದೇ ಕಾರ್ಡು ಚೆನ್ನಾಗಿ ಕೆಲಸ ಮಾಡುತ್ತದೆ. ವೈರಸ್ ಒಳಗೆ ಹೊಕ್ಕಿದ್ದರೆ ಅಕ್ಕಪಕ್ಕದ ವಯಸ್ಕ ಪ್ರಾಣಿಗಳಲ್ಲಿ ಕೆಲವಾದರೂ ಸೋಂಕು ಪಡೆದು ಪ್ರತಿಕಾಯ ಮಾಡಿರುತ್ತವೆ. ಹಾಗಾಗಿ ಮಾದರಿಗೆ ಎಳೆಯವನ್ನು ಆರಿಸಬೇಡಿ. ಮೂರು ತಿಂಗಳು ದಾಟಿದ, ಗುಂಪಿನಲ್ಲಿ ಬಹುಕಾಲ ಇದ್ದ, ಮರಿ ಹಾಕಿ ನಿವೃತ್ತಿಯಾದ ಹೆಣ್ಣುಗಳು ಅತ್ಯುತ್ತಮ. ಒಂದು ಪ್ರಾಣಿಯ ಬಗ್ಗೆಯೇ ತಿಳಿಯಬೇಕಾದರೆ ಮೂತ್ರದ ಪಿಸಿಆರ್. ಪ್ರಾಣಿ ಸತ್ತಿದ್ದರೆ ಮೂತ್ರಪಿಂಡದ ತುಣುಕು ಅದಕ್ಕಿಂತ ಒಳ್ಳೆಯದು.

ಗೆಡ್ಡೆಗಳನ್ನೋ ಕೋಶಗಳನ್ನೋ ಹ್ಯಾಮ್‌ಸ್ಟರ್‌ಗೆ ಕಸಿ ಮಾಡುವ ಪ್ರಯೋಗಾಲಯಗಳು ಪ್ರಾಣಿಗಿಂತ ಮೊದಲು ಆ ಕೋಶಗಳನ್ನೇ ಪಿಸಿಆರ್‌ಗೆ ಕಳಿಸಬೇಕು. 1970ರ ದಶಕದಲ್ಲಿ ಅಮೆರಿಕದ ವೈದ್ಯಕೀಯ ಕೇಂದ್ರವೊಂದರ ಸಿಬ್ಬಂದಿಗೆ ಎಲ್‌ಸಿಎಂವಿ ಹರಡಿದ್ದು ಗೆಡ್ಡೆ ಕಸಿ ಮಾಡಿದ ಹ್ಯಾಮ್‌ಸ್ಟರ್‌ಗಳಿಂದಲೇ.

ರಕ್ತದ ಕಾರ್ಡು ಬಳಸುವ ರೀತಿ

ಕಾರ್ಡಿನ ಗುಣ ನಿಜವಾಗಿಯೂ ದೊಡ್ಡದು. ಹ್ಯಾಮ್‌ಸ್ಟರ್‌ಗೆ ಬಾಲವೇ ಇಲ್ಲವೆನ್ನುವಷ್ಟು ಚಿಕ್ಕದು, ಇಲಿಗಳಲ್ಲಿ ಮಾಡುವಂತೆ ಬಾಲದ ಸಿರೆಯಿಂದ ರಕ್ತ ತೆಗೆಯಲಾಗದು. ಮುಂಚಿನ ಪದ್ಧತಿಯಲ್ಲಿ ಸೀರಂ, ಅಂದರೆ ರಕ್ತದ ತಿಳಿ ದ್ರವ, ಬೇರ್ಪಡಿಸುವಷ್ಟು ರಕ್ತ ಬೇಕಿದ್ದರಿಂದ ಅರಿವಳಿಕೆ ಕೊಟ್ಟು ಎದೆಯ ದೊಡ್ಡ ಸಿರೆಯಿಂದಲೋ ಕಣ್ಣಿನ ಹಿಂಬದಿಯಿಂದಲೋ ತೆಗೆಯುತ್ತಿದ್ದರು. ಕಾರ್ಡಿನ ಒಂದು ಪಟ್ಟಿಗೆ ಸುಮಾರು 25 ಮೈಕ್ರೊಲೀಟರ್ ಸಾಕು. ಇಷ್ಟು ರಕ್ತ ಹಿಂಗಾಲಿನ ಹೊರಬದಿಯ ಸಫೀನಸ್ ಸಿರೆಯಿಂದ ಸಿಗುತ್ತದೆ.

ಪ್ರಾಣಿಗೆ ಎಷ್ಟು ತಡೆದೀತು ಎಂಬ ಲೆಕ್ಕ ಸರಳ. ಹ್ಯಾಮ್‌ಸ್ಟರ್‌ನಲ್ಲಿ ಒಂದು ಕಿಲೋ ತೂಕಕ್ಕೆ ಸರಿಸುಮಾರು 78 ಮಿಲಿಲೀಟರ್ ರಕ್ತ ಎಂದು ಹಿಡಿಯುತ್ತಾರೆ, ಒಂದು ಸಲಕ್ಕೆ ಅದರ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ನೂರು ಗ್ರಾಂ ಸಿರಿಯನ್ ಆದರೆ 0.78 ಮಿಲಿಲೀಟರ್. ಮೂವತ್ತು ಗ್ರಾಂ ಡ್ವಾರ್ಫ್ ಆದರೆ 0.23 ಮಾತ್ರ. ಡ್ವಾರ್ಫ್‌ಗಳಿಗೆ ಸೀರಂ ಪದ್ಧತಿ ಎಷ್ಟು ಇಕ್ಕಟ್ಟು, ಕಾರ್ಡು ಎಷ್ಟು ಅನುಕೂಲ ಎಂಬುದು ಈ ಎರಡು ಅಂಕಿಯಲ್ಲೇ ಇದೆ. ಆದರೂ ಸಾಕಿದವರು ತಾವೇ ಸೂಜಿ ಹಿಡಿಯುವ ಕೆಲಸ ಇದಲ್ಲ. ಸಣ್ಣ ಪ್ರಾಣಿಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರೇ ಮಾಡಬೇಕು.

ಮಾಡುವ ಕ್ರಮ ಹೀಗೆ. ಹಿಂಗಾಲನ್ನು ನೀಳವಾಗಿ ಹಿಡಿದು, ಮಂಡಿಯ ಕೆಳಗೆ ಹೊರಬದಿಯ ಕೂದಲು ಸವರಿ, ಚರ್ಮಕ್ಕೆ ತೆಳುವಾಗಿ ವ್ಯಾಸಲೀನ್ ಹಚ್ಚಬೇಕು. ಹಚ್ಚದಿದ್ದರೆ ರಕ್ತ ಕೂದಲಿಗೆ ಹರಡಿ ಹನಿಯಾಗಿ ನಿಲ್ಲುವುದಿಲ್ಲ. ಸೂಜಿಯಿಂದ ಚುಚ್ಚಿದ ಮೇಲೆ ಎದ್ದ ಹನಿಗೆ ಪಟ್ಟಿಯ ತುದಿ ಮುಟ್ಟಿಸಿ ಅದಾಗೇ ಹೀರಿಕೊಳ್ಳಲು ಬಿಡಿ. ಒತ್ತಬಾರದು, ಉಜ್ಜಬಾರದು. ಒಂದೇ ಬದಿಯಿಂದ ತುಂಬಬೇಕು, ಮತ್ತು ಹಿಂಬದಿಯಲ್ಲೂ ಅಷ್ಟೇ ಗಾಢ ಕೆಂಪು ಕಾಣಬೇಕು. ಮುಂದೆ ಕೆಂಪು, ಹಿಂದೆ ಚುಕ್ಕೆಚುಕ್ಕೆ ಬಿಳಿ ಇದ್ದರೆ ರಕ್ತ ಸಾಲಲಿಲ್ಲ ಎಂದರ್ಥ. ಕಾರ್ಡುಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ. ಲ್ಯಾಬ್‌ನವರು ಪಟ್ಟಿಯಿಂದ ನಿಗದಿತ ಅಳತೆಯ ಚೂರು ಕತ್ತರಿಸಿ ನೆನೆಸುವುದರಿಂದ ಅರ್ಧ ತುಂಬಿದ ಪಟ್ಟಿ ಅಂದರೆ ಅರ್ಧ ಪ್ರತಿಕಾಯ, ಸುಳ್ಳು ನೆಗೆಟಿವ್. ಚುಚ್ಚಿದ ಜಾಗವನ್ನು ಹಿಂಡಿ ಹಿಂಡಿ ತೆಗೆದರೂ ಅಂಗಾಂಶದ ನೀರು ಬೆರೆತು ಹಾಗೇ ಆಗುತ್ತದೆ.

ಆಮೇಲೆ ಕೋಣೆಯ ತಾಪದಲ್ಲಿ, ನೆರಳಿನಲ್ಲಿ, ಕನಿಷ್ಠ ಒಂದು ಗಂಟೆ ಬಿಚ್ಚಿ ಒಣಗಿಸಬೇಕು. ತೇವದ ಹವೆಯಲ್ಲಿ ಇನ್ನೂ ಹೆಚ್ಚು ಹೊತ್ತು. ಹೇರ್ ಡ್ರೈಯರ್ ಹಿಡಿಯುವುದು, ಬಿಸಿಲಿಗಿಡುವುದು ಎರಡೂ ಪ್ರತಿಕಾಯವನ್ನು ಕೆಡಿಸುತ್ತವೆ. ಒದ್ದೆ ಕಾರ್ಡನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಹಾಕಿದರೆ ಅಂಚೆಯಲ್ಲಿ ಐಸ್ ಇಲ್ಲದೆ ಹೋಗುತ್ತದೆ. ಈ ಒಂದು ಸೌಕರ್ಯಕ್ಕೇ ಕಾರ್ಡಿಗೆ ಪೂರ್ಣ ಅಂಕ ಕೊಡಬೇಕು.

ಎಷ್ಟು ಪ್ರಾಣಿಗಳಿಂದ ಮಾದರಿ? ಸೋಂಕು ಗುಂಪಿನ ಶೇ. 30ರಷ್ಟು ಪ್ರಾಣಿಗಳಿಗೆ ಹರಡಿದೆ ಎಂದಿಟ್ಟುಕೊಂಡರೆ, 10 ಪ್ರಾಣಿ ನೋಡಿದಾಗ ಒಂದಾದರೂ ಪಾಸಿಟಿವ್ ಸಿಗುವ ಸಂಭವ ಶೇ. 97. ಶೇ. 10ಕ್ಕೆ ಮಾತ್ರ ಹರಡಿದ್ದರೆ ಶೇ. 95 ಖಾತ್ರಿಗೆ 29 ಪ್ರಾಣಿ ಬೇಕು. ಗಾಳಿಯಿಂದ ಬೇಗ ಹರಡುವ ಸೆಂಡಾಯ್‌ಗೆ ಹತ್ತು ಸಾಕು. ಪ್ರತ್ಯೇಕ ಗಾಳಿಯ ಪಂಜರಗಳಲ್ಲಿ ಒಂದೊಂದೇ ಪ್ರಾಣಿ ಇರುವಲ್ಲಿ ಮೂತ್ರದಿಂದ ಹರಡುವ ವೈರಸ್ಸಿಗೆ ಹತ್ತು ಸಾಲದು, ಪಂಜರದಿಂದ ಪಂಜರಕ್ಕೆ ಅದು ನಿಧಾನ ಹರಿದಾಡುತ್ತದೆ. ಇಲಿ ಕೋಣೆಗಳಲ್ಲಿ ಮಾಡುವಂತೆ ಕೊಳೆಯಾದ ಹಾಸನ್ನು ಕಾವಲು ಪ್ರಾಣಿಯ (ಸೋಂಕು ಅಂಟುತ್ತದೆಯೇ ಎಂದು ನೋಡಲೆಂದೇ ಇಟ್ಟ ಪ್ರಾಣಿಯ) ಪಂಜರಕ್ಕೆ ಸುರಿದು ನೋಡುವ ಪದ್ಧತಿ ಸೆಂಡಾಯ್‌ಗೆ ಒಗ್ಗುವುದಿಲ್ಲ. ಆ ವೈರಸ್ ಹಾಸಿನಲ್ಲಿ ಬಾಳುವುದಿಲ್ಲ. ಕಾವಲು ಪ್ರಾಣಿಯನ್ನು ಜೊತೆಗೇ ಬಿಡೋಣವೆಂದರೆ ದೊಡ್ಡ ಸಿರಿಯನ್ ಹ್ಯಾಮ್‌ಸ್ಟರ್‌ಗಳು, ಅದರಲ್ಲೂ ಹೆಣ್ಣುಗಳು, ಕಚ್ಚಾಡಿ ಗಾಯ ಮಾಡಿಕೊಳ್ಳುತ್ತವೆ. ಹಾಗಾಗಿ ಗುಂಪಿನ ಪ್ರಾಣಿಗಳಿಂದಲೇ ನೇರವಾಗಿ ರಕ್ತ ತೆಗೆಯುವುದೇ ಲೇಸು, ಅದಕ್ಕೆ ಕಾರ್ಡು ಹೇಳಿಮಾಡಿಸಿದ ಸಾಧನ.

ಪಾಲಿಯೋಮಾ ಮತ್ತು ಪಾರ್ವೊ

ಬರ್ಲಿನ್‌ನಲ್ಲಿ 1960ರ ದಶಕದ ಕೊನೆಗೆ ಗ್ರಾಫಿ ಮತ್ತು ಸಂಗಡಿಗರು ಸಿರಿಯನ್ ಹ್ಯಾಮ್‌ಸ್ಟರ್‌ಗಳ ಚರ್ಮದ ಗಂಟುಗಳಲ್ಲಿ ಕಂಡ ವೈರಸ್ ಹ್ಯಾಮ್‌ಸ್ಟರ್ ಪಾಲಿಯೋಮಾ. ಮುಖ, ಕುತ್ತಿಗೆ, ಪಾದಗಳ ಮೇಲೆ ಗಂಟುಗಂಟಾದ ಟ್ರೈಕೊಎಪಿಥೀಲಿಯೋಮಾ, ಅಂದರೆ ಕೂದಲ ಬುಡದ ಗೆಡ್ಡೆ, ಅದರ ಒಂದು ರೂಪ. ಇನ್ನೊಂದು ರೂಪ ಭಯಂಕರ: ಹಿಂದೆಂದೂ ಈ ವೈರಸ್ ಕಾಣದ ಗುಂಪಿಗೆ ಅದು ಹೊಕ್ಕರೆ ಎಳೆಯ ಪ್ರಾಣಿಗಳಲ್ಲಿ ಹೊಟ್ಟೆಯ ಒಳಗೆ ಲಿಂಫೋಮಾ ಎಂಬ ಕ್ಯಾನ್ಸರ್ ಗೆಡ್ಡೆ ಬೆಳೆಯುತ್ತದೆ, ಕೆಲವು ಗುಂಪುಗಳಲ್ಲಿ ಶೇ. 80ರವರೆಗೂ. ಮೊದಲಿನಿಂದ ವೈರಸ್ ಇರುವ ಗುಂಪುಗಳಲ್ಲಿ ಲಿಂಫೋಮಾ ಇಳಿದು ಚರ್ಮದ ಗಂಟುಗಳೇ ಹೆಚ್ಚು ಕಾಣುತ್ತವೆ. ಎಳೆಯ ಹ್ಯಾಮ್‌ಸ್ಟರ್‌ನ ಹೊಟ್ಟೆಯಲ್ಲಿ ಗೆಡ್ಡೆ ಕೈಗೆ ಸಿಕ್ಕರೆ ಮುಪ್ಪಿನ ಕ್ಯಾನ್ಸರ್ ಎಂದು ಬಿಡದೆ ಇದನ್ನು ಶಂಕಿಸಬೇಕು.

ಪಿಸಿಆರ್ ಕೊಳ್ಳುವವರು ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಚರ್ಮದ ಗಂಟುಗಳಲ್ಲಿ ಪೂರ್ಣ ವೈರಸ್ ತುಂಬಿರುತ್ತದೆ, ಯಾವ ಪಿಸಿಆರ್ ಆದರೂ ಹಿಡಿಯುತ್ತದೆ. ಲಿಂಫೋಮಾದಲ್ಲಿ ಹಾಗಲ್ಲ. ಅಲ್ಲಿ ವೈರಸ್ಸಿನ ಡಿಎನ್‌ಎ ರಾಶಿಯಾಗಿ ಇದ್ದರೂ ಹೊರಕವಚದ ಪ್ರೋಟೀನಿನ ಭಾಗ ಬಹುಮಟ್ಟಿಗೆ ತುಂಡಾಗಿ ಕಳೆದುಹೋಗಿರುತ್ತದೆ. ಹೊಸ ವೈರಸ್ ಹುಟ್ಟುವುದಿಲ್ಲ. ಪರೀಕ್ಷೆ ಕವಚದ ಜೀನನ್ನೇ ಹುಡುಕುವಂಥದ್ದಾದರೆ ವೈರಸ್ಸಿನಿಂದಲೇ ಆದ ಗೆಡ್ಡೆ ನೆಗೆಟಿವ್ ಆಗಿ ಬರಬಹುದು. ‘ಟಿ-ಆಂಟಿಜನ್ ಭಾಗ ಹುಡುಕುತ್ತೀರೋ, ವಿಪಿ1 ಭಾಗವೋ?’ ಎಂದು ಕೇಳಿ (ವಿಪಿ1 ಅಂದರೆ ಆ ಕವಚದ ಜೀನ್), ಲಿಂಫೋಮಾ ಕಳಿಸುವುದಾದರೆ ಮೊದಲನೆಯದನ್ನೇ ಆರಿಸಿ. ಅದರ ಜೊತೆ ಅದೇ ಪ್ರಾಣಿಯ ಮೂತ್ರಪಿಂಡದ ಚೂರೂ ಇರಲಿ, ಏಕೆಂದರೆ ಈ ವೈರಸ್ ಹರಡುವುದು ಮೂತ್ರದಿಂದ. ತುಣುಕನ್ನು ಫಾರ್ಮಲಿನ್‌ಗೆ ಹಾಕುವ ಮೊದಲು ಅರ್ಧ ಕತ್ತರಿಸಿ ಬೇರೆ ಟ್ಯೂಬಿನಲ್ಲಿ ಫ್ರೀಜ್ ಮಾಡಬೇಕು. ಪೂರ್ತಿ ಫಾರ್ಮಲಿನ್‌ಗೆ ಬಿದ್ದ ಅಂಗಾಂಶದಲ್ಲಿ ಡಿಎನ್‌ಎ ಚೂರುಚೂರಾಗುತ್ತದೆ, ಪಿಸಿಆರ್ ಕೈಕೊಡುತ್ತದೆ.

ಪಾರ್ವೊ ಮೊದಲು ಕಂಡದ್ದು 1980ರ ದಶಕದ ಆರಂಭದಲ್ಲಿ, ತಳಿ ಬೆಳೆಸುವ ಗುಂಪೊಂದರಲ್ಲಿ. ಹಾಲು ಕುಡಿಯುವ ಮತ್ತು ಹಾಲು ಬಿಡಿಸಿದ ಮರಿಗಳು ಸಾಯುವುದು, ಉಳಿದವುಗಳ ಬಾಚಿಹಲ್ಲು ಸೊಟ್ಟಗಾಗುವುದು ಅಥವಾ ಇಲ್ಲದಿರುವುದು, ತಲೆ ಗುಮ್ಮಟದಂತೆ ಉಬ್ಬುವುದು, ಡೊಳ್ಳು ಹೊಟ್ಟೆ, ಸಣ್ಣ ವೃಷಣ ಇದರ ಗುರುತು. ದೊಡ್ಡವಕ್ಕೆ ಏನೂ ಆಗದು. ಮುಂದೆ ಇದು ಇಲಿ ಪಾರ್ವೊವೈರಸ್-3ಕ್ಕೆ ಬಹುತೇಕ ಒಂದೇ ಎಂದು ಗೊತ್ತಾಯಿತು, ಅಂದರೆ ಇಲಿಗಳಿಂದಲೇ ದಾಟಿ ಬಂದದ್ದಿರಬೇಕು. ಹ್ಯಾಮ್‌ಸ್ಟರ್‌ಗಳನ್ನೂ ಇಲಿಗಳನ್ನೂ ಒಂದೇ ಕೋಣೆಯಲ್ಲಿಡುವವರು ಈ ಪರೀಕ್ಷೆಯನ್ನು ಬಿಡಲೇಬಾರದು. ಕಾರ್ಡಿನಲ್ಲಿ ಪಾರ್ವೊ ಸೇರಿಸಿದ್ದರೆ ಎಲ್ಲ ದಂಶಕ ಪಾರ್ವೊಗಳಿಗೂ ಸಮಾನವಾದ ಎನ್‌ಎಸ್1 ಪ್ರೋಟೀನ್ ಒಂದನ್ನೇ ನಂಬದೆ ಹೊರಕವಚದ ವಿಪಿ2 ಆಂಟಿಜನ್ (ಪ್ರತಿಕಾಯ ಅಂಟುವ ಪ್ರೋಟೀನ್) ಕೂಡ ಇರಬೇಕು. ಎನ್‌ಎಸ್1ಗೆ ಹುಟ್ಟುವ ಪ್ರತಿಕಾಯ ಕಮ್ಮಿ, ತಪ್ಪಿಹೋಗುವುದು ಹೆಚ್ಚು.

ಪಿಸಿಆರ್ ಕಿಟ್ಟು: ಎಲ್ಲಿ ಜಾಣ, ಎಲ್ಲಿ ಕುರುಡು

ಪಿಸಿಆರ್ ಕಿಟ್ಟಿನ ಆಕರ್ಷಣೆ ಸೂಜಿ ಬೇಡವೆಂಬುದು. ಆದರೆ ಅದು ಮಾದರಿ ತೆಗೆದ ದಿನ ವೈರಸ್ ಅಲ್ಲಿತ್ತೇ ಎಂಬುದನ್ನು ಮಾತ್ರ ಹೇಳುತ್ತದೆ. ಸೆಂಡಾಯ್ ಒಂದೆರಡು ವಾರದಲ್ಲಿ ಮೂಗು, ಬಾಯಿ ಬಿಟ್ಟು ಹೋಗಿಬಿಡುತ್ತದೆ, ಪ್ರತಿಕಾಯ ಮಾತ್ರ ಉಳಿಯುತ್ತದೆ. ಹಾಗಾಗಿ ಸೆಂಡಾಯ್, ಪಿವಿಎಂಗೆ ಮೂರು ತಿಂಗಳಿಗೊಮ್ಮೆ ಸ್ವ್ಯಾಬ್ ಕಳಿಸುವ ಯೋಜನೆಯಿಂದ ಏನೂ ಸಿಗುವುದಿಲ್ಲ. ಪಾರ್ವೊ, ಪಾಲಿಯೋಮಾ, ಹುಟ್ಟಿನಿಂದ ಬಂದ ಎಲ್‌ಸಿಎಂವಿ, ಈ ಬಹುಕಾಲ ಉಳಿಯುವ ವೈರಸ್‌ಗಳಿಗೆ ಪಿಸಿಆರ್ ಸಾರ್ಥಕ.

ಬಾಯಿಯ ಸ್ವ್ಯಾಬ್‌ನಲ್ಲಿ ಹ್ಯಾಮ್‌ಸ್ಟರ್‌ಗೇ ವಿಶೇಷವಾದ ತೊಡಕು ಕೆನ್ನೆಚೀಲ. ಸ್ವ್ಯಾಬ್ ಬಾಯಿಯ ಮೂಲೆಯಿಂದ ಒಳಗೆ ಹೋದರೆ ಸಲೀಸಾಗಿ ಚೀಲಕ್ಕೆ ಜಾರಿ, ಗಂಟಲ ಜೊಲ್ಲಿನ ಬದಲು ಕಾಳಿನ ಹಿಟ್ಟು ಮೆತ್ತಿಕೊಂಡು ಬರುತ್ತದೆ. ಆ ಹಿಟ್ಟು ಪಿಸಿಆರ್ ಕ್ರಿಯೆಯನ್ನೇ ತಡೆಯಬಲ್ಲದು. ಬಾಚಿಹಲ್ಲಿನ ಹಿಂದಿನ ಖಾಲಿ ಜಾಗದಿಂದ ಒಳಹೊಕ್ಕು, ನಾಲಿಗೆಯ ಗುಂಟ ನೇರವಾಗಿ ಗಂಟಲ ಕಡೆಗೆ ಹೋಗಿ, ಐದಾರು ಸಲ ತಿರುಗಿಸಿ ತೆಗೆಯಬೇಕು. ತುದಿಯ ದಪ್ಪ ಎರಡು ಮಿಲಿಮೀಟರಿಗಿಂತ ಕಮ್ಮಿ ಇರಬೇಕು, ಪಾಲಿಯೆಸ್ಟರ್ ಅಥವಾ ಫ್ಲಾಕ್ಡ್ (ಬ್ರಶ್ಶಿನಂತೆ ನವಿರು ಎಳೆಗಳು ನಿಂತಿರುವ) ತುದಿ ಆಗಿರಬೇಕು. ಮರದ ಕಡ್ಡಿಯ ಹತ್ತಿ, ಕ್ಯಾಲ್ಸಿಯಂ ಆಲ್ಜಿನೇಟ್ ತುದಿ ಎರಡೂ ಪಿಸಿಆರ್‌ಗೆ ಅಡ್ಡಿ. ಕಿಟ್ಟಿನಲ್ಲಿ ಮನುಷ್ಯರ ಮೂಗಿಗೆ ಬಳಸುವ ದಪ್ಪ ಸ್ವ್ಯಾಬ್ ಬಂದಿದ್ದರೆ ಅದು ಹ್ಯಾಮ್‌ಸ್ಟರ್‌ಗೆ ಯೋಚಿಸಿ ಮಾಡಿದ ಕಿಟ್ಟಲ್ಲ.

ಮೂತ್ರಕ್ಕೆ ಪ್ರಾಣಿಯನ್ನು ಹಾಸಿಲ್ಲದ ಸ್ವಚ್ಛ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಟ್ಟರೆ ಸಾಮಾನ್ಯವಾಗಿ ಒಂದು ಮೂಲೆ ಹಿಡಿದು ಹೊಯ್ಯುತ್ತದೆ. ಪಿಪೆಟ್‌ನಿಂದ ನಾಲ್ಕಾರು ಹನಿ ಹೀರಿದರೆ ಸಾಕು. ಹ್ಯಾಮ್‌ಸ್ಟರ್ ಮೂತ್ರ ಸಹಜವಾಗಿಯೇ ಸುಣ್ಣದ ಹರಳುಗಳಿಂದ ಹಾಲಿನಂತೆ ಕದಡಿರುತ್ತದೆ. ಅದನ್ನು ಕೀವು ಎಂದು ಗಾಬರಿಪಟ್ಟು ಚೆಲ್ಲಬೇಡಿ. ಮೂತ್ರದಲ್ಲಿ ಪಿಸಿಆರ್ ತಡೆಯುವ ವಸ್ತುಗಳಿರುವುದರಿಂದ ರಿಪೋರ್ಟ್‌ನಲ್ಲಿ ಆಂತರಿಕ ನಿಯಂತ್ರಣ (ಪಿಸಿಆರ್ ಕ್ರಿಯೆ ಸರಿಯಾಗಿ ನಡೆಯಿತೇ ಎಂದು ತೋರಿಸುವ ಒಳಪರೀಕ್ಷೆ) ಪಾಸಾಯಿತು ಎಂಬ ಸಾಲು ಇದೆಯೇ ನೋಡಿ. ಆ ಸಾಲಿಲ್ಲದ ನೆಗೆಟಿವ್‌ಗೆ ಬೆಲೆಯಿಲ್ಲ. ಎಲ್‌ಸಿಎಂವಿ ಆರ್‌ಎನ್‌ಎ ವೈರಸ್, ಬಿಸಿಗೆ ಬೇಗ ಕೆಡುತ್ತದೆ. ಕಿಟ್ಟಿನ ಸಂರಕ್ಷಕ ದ್ರಾವಣಕ್ಕೆ ಕೂಡಲೇ ಬೆರೆಸಿ ತಣ್ಣಗಿಟ್ಟು ಕಳಿಸಬೇಕು.

ಹತ್ತು ಪ್ರಾಣಿಗಳ ಸ್ವ್ಯಾಬ್ ಒಂದೇ ಟ್ಯೂಬಿಗೆ ಹಾಕಿ ಒಂದೇ ಪರೀಕ್ಷೆಯ ಹಣ ಕೊಡಿ ಎಂಬ ಕೊಡುಗೆಯನ್ನು ಅಳೆದು ನೋಡಿ. ಹತ್ತರಲ್ಲಿ ಒಂದರಲ್ಲೇ ವೈರಸ್ ಇದ್ದರೆ ಅದು ಹತ್ತು ಪಟ್ಟು ತೆಳುವಾಗುತ್ತದೆ, ಪಿಸಿಆರ್‌ನ ಸಿಟಿ ಅಂಕಿ (ವೈರಸ್ ಕಾಣಲು ಬೇಕಾದ ಸುತ್ತುಗಳ ಎಣಿಕೆ, ವೈರಸ್ ಕಮ್ಮಿಯಾದಷ್ಟೂ ಹೆಚ್ಚು) ಸುಮಾರು 3.3 ಮೇಲೇರುತ್ತದೆ. ಬಿಡಿಯಾಗಿ 36ಕ್ಕೆ ಸಿಗುತ್ತಿದ್ದದ್ದು 39ರ ಮೇಲೆ ಹೋಗಿ ಗಡಿ ದಾಟಿಬಿಡುತ್ತದೆ. ವೈರಸ್ ದಂಡಿಯಾಗಿ ಬೀಳುವ ಪಾರ್ವೊದ ಹಿಕ್ಕೆಗೆ ಒಟ್ಟು ಮಾದರಿ ಸರಿ. ಎಲ್‌ಸಿಎಂವಿಗೆ ಒಂದೊಂದೇ ಇರಲಿ, ಅಬ್ಬಬ್ಬಾ ಎಂದರೆ ಮೂರರ ಗುಂಪು.

ಕೋವಿಡ್ ವೈರಸ್ ಸೇರಿಸಬೇಕೆ?

2022ರ ಜನವರಿಯಲ್ಲಿ ಹಾಂಗ್‌ಕಾಂಗ್‌ನ ಸಾಕುಪ್ರಾಣಿ ಅಂಗಡಿಯೊಂದರಿಂದ ಕೋವಿಡ್‌ನ ಡೆಲ್ಟಾ ತಳಿ ಮನುಷ್ಯರಿಗೆ ದಾಟಿದ್ದರಿಂದ ಈ ಪ್ರಶ್ನೆ ಏಳುತ್ತದೆ. ಅಂಗಡಿಯಲ್ಲಿ ನೋಡಿದ 16 ಸಿರಿಯನ್ ಹ್ಯಾಮ್‌ಸ್ಟರ್‌ಗಳಲ್ಲಿ 8, ಗೋದಾಮಿನ 12ರಲ್ಲಿ 7 ಪಾಸಿಟಿವ್ ಬಂದವು. ಅಲ್ಲಿನ ಡ್ವಾರ್ಫ್‌ಗಳಲ್ಲಿ ಸಿಗಲಿಲ್ಲ. ಹಾಗೆಂದು ಡ್ವಾರ್ಫ್‌ಗಳೆಲ್ಲ ಸುರಕ್ಷಿತವೆನ್ನಲಾಗದು, ಪ್ರಯೋಗಗಳಲ್ಲಿ ರೋಬೊರೊವ್‌ಸ್ಕಿ ಜಾತಿಗೆ ತೀವ್ರ ಕಾಯಿಲೆಯೇ ಬಂದಿದೆ. ಸಿರಿಯನ್‌ನಲ್ಲಿ ಜೀವಂತ ವೈರಸ್ ಒಂದು ವಾರದ ಆಸುಪಾಸು ಮಾತ್ರ ಹೊರಬೀಳುತ್ತದೆ, ತೂಕ ಇಳಿದು ಮತ್ತೆ ಏರುತ್ತದೆ. ಮನೆಯವರಿಗೆ ಕೋವಿಡ್ ಬಂದು ಹ್ಯಾಮ್‌ಸ್ಟರ್ ಅದೇ ವಾರ ಮಂಕಾದರೆ ಸ್ವ್ಯಾಬ್ ಸಾರ್ಥಕ. ಹೊಸ ಪ್ರಾಣಿಗಳನ್ನು ಒಳಗೆ ಬಿಡುವ ಮುಂಚೆಯೂ ಸಾರ್ಥಕ. ಉಳಿದಂತೆ ವಾಡಿಕೆಯ ಪಟ್ಟಿಯಲ್ಲಿ ಇದು ಬೇಡ.

ರಿಪೋರ್ಟ್ ಬಂದ ಮೇಲೆ

ಪ್ರತಿಕಾಯ ಹುಟ್ಟಲು ಎರಡು ವಾರ ಬೇಕು, ಗಟ್ಟಿಯಾಗಲು ಮೂರು. ಹೊಸದಾಗಿ ಬಂದ ಪ್ರಾಣಿಗಳ ರಕ್ತವನ್ನು ಬಂದ ದಿನವೇ ತೆಗೆದರೆ ದಾರಿಯಲ್ಲಿ ಅಂಟಿದ ಸೋಂಕು ಕಾಣುವುದಿಲ್ಲ. ಪ್ರತ್ಯೇಕವಾಗಿಟ್ಟು ಮೂರು ನಾಲ್ಕು ವಾರ ಕಳೆದ ಮೇಲೆ ತೆಗೆಯಿರಿ. ಹಾಲು ಬಿಡಿಸಿದ ಹೊಸತರ ಮರಿಗಳಲ್ಲಿ ತಾಯಿಯ ಪ್ರತಿಕಾಯವೇ ಇರಬಹುದು, ಆ ಪಾಸಿಟಿವ್ ಮರಿಯದ್ದಲ್ಲ.

ಹತ್ತರಲ್ಲಿ ಒಂದೇ ಪ್ರಾಣಿಗೆ, ಒಂದೇ ಆಂಟಿಜನ್‌ಗೆ, ಗಡಿಯ ಸಮೀಪದ ಪಾಸಿಟಿವ್ ಬಂದರೆ ಗುಂಪನ್ನು ಕೊಲ್ಲುವ ನಿರ್ಧಾರಕ್ಕೆ ಹೋಗಬೇಡಿ. ಪ್ಯಾರಾಇನ್‌ಫ್ಲುಯೆಂಜಾ ಜಾತಿಯ ವೈರಸ್‌ಗಳಲ್ಲಿ ಒಂದರ ಪ್ರತಿಕಾಯ ಇನ್ನೊಂದಕ್ಕೆ ಅಂಟುವುದು ಮಾಮೂಲು. ಸೆಂಡಾಯ್, ಪ್ಯಾರಾಇನ್‌ಫ್ಲುಯೆಂಜಾ-5ರ ಒಂಟಿ ಪಾಸಿಟಿವ್‌ಗಳು ಹಲವು ಸಲ ಅಂಥವು. ಅದೇ ರಕ್ತವನ್ನು ಇಮ್ಯುನೋಫ್ಲೋರೆಸೆನ್ಸ್‌ನಂಥ ಬೇರೆ ವಿಧಾನದಲ್ಲಿ ಖಚಿತಪಡಿಸಲು ಹೇಳಿ, ಅದೇ ಪ್ರಾಣಿಯ ಮತ್ತು ಅಕ್ಕಪಕ್ಕದವುಗಳ ರಕ್ತವನ್ನು ಮೂರು ವಾರ ಬಿಟ್ಟು ಮತ್ತೆ ಕಳಿಸಿ. ನಿಜವಾದ ಸೋಂಕಾದರೆ ಆ ಹೊತ್ತಿಗೆ ಅಂಕಿಯೂ ಏರಿರುತ್ತದೆ, ಪ್ರಾಣಿಗಳ ಸಂಖ್ಯೆಯೂ ಏರಿರುತ್ತದೆ. ಖಚಿತಪಡಿಸುವ ಪರೀಕ್ಷೆಯನ್ನು ಹೆಚ್ಚಿನ ಹಣ ಕೇಳದೆ ಮಾಡಿಕೊಡುವ ಲ್ಯಾಬ್‌ಗೆ ಆದ್ಯತೆ ಕೊಡಿ. ಎಲ್‌ಸಿಎಂವಿ ಪಾಸಿಟಿವ್ ಮಾತ್ರ ಇದಕ್ಕೆ ಹೊರತು. ಖಚಿತವಾಗುವವರೆಗೆ ಕಾಯದೆ ಆ ದಿನವೇ ಪ್ರಾಣಿಗಳನ್ನು ಬೇರೆಮಾಡಿ, ಕೈಗವಸು, ಮುಖಗವಸು ಹಾಕಿ, ಹಾಸನ್ನು ಧೂಳೇಳದಂತೆ ತೇವಮಾಡಿ ಎತ್ತಿ, ಮುಟ್ಟಿದವರಿಗೆ ಜ್ವರ ತಲೆನೋವು ಬಂದರೆ ವೈದ್ಯರಿಗೆ ಹ್ಯಾಮ್‌ಸ್ಟರ್ ಸಂಗತಿ ಹೇಳುವಂತೆ ತಿಳಿಸಿ.

ಶುಚಿ ಮಾಡುವಾಗ ರಿಪೋರ್ಟಿನ ಹೆಸರು ನೋಡಿಯೇ ದ್ರಾವಣ ಆರಿಸಬೇಕು. ಎಲ್‌ಸಿಎಂವಿ, ಸೆಂಡಾಯ್, ಪಿವಿಎಂ, ಕೋವಿಡ್ ವೈರಸ್‌ಗಳಿಗೆ ಕೊಬ್ಬಿನ ಹೊದಿಕೆ ಇದೆ, 70 ಪ್ರತಿಶತ ಆಲ್ಕೋಹಾಲೂ ಅವನ್ನು ಕೊಲ್ಲುತ್ತದೆ. ಪಾರ್ವೊ, ಪಾಲಿಯೋಮಾಗೆ ಹೊದಿಕೆ ಇಲ್ಲ. ಆಲ್ಕೋಹಾಲ್, ಕ್ವಾಟರ್ನರಿ ಅಮೋನಿಯಂ ದ್ರಾವಣಗಳನ್ನು ನೆಚ್ಚಬಾರದು. ಮನೆಬಳಕೆಯ ಬ್ಲೀಚನ್ನು ಒಂದಕ್ಕೆ ಒಂಬತ್ತು ಪಾಲು ನೀರಿನಲ್ಲಿ ಹೊಸದಾಗಿ ಬೆರೆಸಿ, ಮೇಲ್ಮೈ ಹತ್ತು ನಿಮಿಷ ಒದ್ದೆಯಾಗಿರುವಂತೆ ಬಿಡಬೇಕು. ಅದಕ್ಕೂ ಮುಂಚೆ ಮೂತ್ರದ ಸುಣ್ಣದ ಪದರವನ್ನು ಸೋಪಿನಿಂದ ಉಜ್ಜಿ, ನೀರಿನಲ್ಲಿ ತೊಳೆದಿರಬೇಕು. ಆ ಪದರದ ಅಡಿಯ ವೈರಸ್ಸಿಗೆ ಬ್ಲೀಚ್ ತಲುಪುವುದಿಲ್ಲ, ಹಸಿ ಮೂತ್ರದ ಅಮೋನಿಯಾಕ್ಕೆ ಬ್ಲೀಚ್ ಬಿದ್ದರೆ ವಿಷದ ಹೊಗೆ ಏಳುತ್ತದೆ. ಮರದ ಮನೆ, ಏಣಿ, ಕಚ್ಚುವ ಕಟ್ಟಿಗೆ ಬಿಸಾಡಬೇಕಾದ ವಸ್ತುಗಳು.

ಸಾಕಿದವರು ವೈರಸ್ ಪ್ಯಾನಲ್ ಕೇಳಿಕೊಂಡು ಬರುವುದು ಹೆಚ್ಚಾಗಿ ಬಾಲದ ಸುತ್ತ ಒದ್ದೆಯಾಗಿ, ನೀರು ನೀರು ಬೇಧಿಯಾದಾಗ. ಅದಕ್ಕೆ ಈ ಎರಡರಲ್ಲಿ ಯಾವ ಸೇವೆಯೂ ಬೇಡ. ಎಳೆಯ ಸಿರಿಯನ್‌ಗಳಲ್ಲಿ ಅದು ಬಹುಪಾಲು ಲಾಸೋನಿಯಾ ಎಂಬ ಬ್ಯಾಕ್ಟೀರಿಯಾದ ಕೆಲಸ. ಪ್ಯಾನಲ್‌ನ ರಿಪೋರ್ಟಿಗೆ ಕಾಯುತ್ತ ಕೂತರೆ ಪ್ರಾಣಿ ಉಳಿಯುವುದಿಲ್ಲ, ಅದೇ ದಿನ ಪಶುವೈದ್ಯರ ಹತ್ತಿರ ಒಯ್ದು ದ್ರವ ಮತ್ತು ಆಂಟಿಬಯಾಟಿಕ್ ಶುರುಮಾಡಿಸಬೇಕು. ಪೆನಿಸಿಲಿನ್ ಗುಂಪಿನ ಔಷಧ ಹ್ಯಾಮ್‌ಸ್ಟರ್‌ನ ಕರುಳಿಗೆ ಮಾರಕ, ಅದನ್ನು ಮಾತ್ರ ಕೊಡಬಾರದು.